ವರ್ಷದ ಕೊನೆಯ ವಾರಗಳು ಮತ್ತು ವರ್ಣನಾತ್ಮಕ ನಮೂದು

ಮಾರ್ಚ್ ತಿಂಗಳ ನಡುಭಾಗದಿಂದ ಮೇ 1ರ ಫಲಿತಾಂಶದ ದಿನದವರೆಗಿನ ಅವಧಿಯು ಮಹಾರಾಷ್ಟ್ರದ ಕನ್ನಡ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ಎಲ್ಲಕ್ಕಿಂತ ಬಿಡುವಿಲ್ಲದ ಕಾಲ. ಬಿಸಿಲಿನ ಕಾರಣ ಶಾಲೆಯು ಬೆಳಗಿನ ಹೊತ್ತಿಗೆ ಬದಲಾಗಿರುತ್ತದೆ. ಬೋಧನೆಯ ತಾಸುಗಳು ಕುಗ್ಗುತ್ತವೆ, ಬರವಣಿಗೆಯ ಕೆಲಸ ಹಿಗ್ಗುತ್ತದೆ. ಸಂಕಲಿತ ಮೌಲ್ಯಮಾಪನದ ಉತ್ತರಪತ್ರಿಕೆ, ಪ್ರಗತಿ ಪತ್ರಕ, ಹಾಜರಿಯ ವಾರ್ಷಿಕ ಮೊತ್ತ, ಪೋಷಣ ಆಹಾರದ ದಾಸ್ತಾನು ಲೆಕ್ಕ, ಶಾಲೆ ಬಿಟ್ಟ ದಾಖಲೆ ಎಲ್ಲವೂ ಒಮ್ಮೆಗೇ ಮೇಜಿನ ಮೇಲೆ ಬಂದು ಬೀಳುತ್ತವೆ. ಜತ್ತ, ಅಕ್ಕಲಕೋಟ ತಾಲ್ಲೂಕುಗಳ ವಸ್ತಿಗಳಲ್ಲಿ ಇಬ್ಬರೇ ಶಿಕ್ಷಕರು ನಾಲ್ಕು ಇಯತ್ತೆಗಳನ್ನು ನಡೆಸುವಲ್ಲಿ, ಒಬ್ಬರು ಲೆಕ್ಕಕ್ಕೆ ಕುಳಿತರೆಂದರೆ ಎರಡು ಇಯತ್ತೆಗಳ ಪಾಠ ನಿಂತಿತೆಂದೇ ಅರ್ಥ.

ದಾಸ್ತಾನು ಲೆಕ್ಕವನ್ನು ಮಕ್ಕಳಿಲ್ಲದ ದಿನವೂ ಹೊಂದಿಸಬಹುದು. ಮಗು ಎದುರಿಗಿರುವಾಗ ಮಾತ್ರ ಆಗುವ ಕೆಲಸವೆಂದರೆ, ಅದು ಏನನ್ನು ಓದಬಲ್ಲದು, ಏನನ್ನು ಬರೆಯಬಲ್ಲದು ಎಂಬುದನ್ನು ಕೇಳಿ, ನೋಡಿ, ಬರೆದಿಡುವುದು. ಅವಸರದಲ್ಲಿ ಮೊದಲು ಸೊರಗುವುದೂ ಇದೇ.

2010ರಲ್ಲಿ ಸಮಗ್ರ ಮತ್ತು ನಿರಂತರ ಮೌಲ್ಯಮಾಪನ ಪದ್ಧತಿಯು ಈ ರಾಜ್ಯದಲ್ಲಿ ಜಾರಿಗೆ ಬಂದಾಗ ಒಂದನೆಯ, ಎರಡನೆಯ ಇಯತ್ತೆಗಳಿಗೆ ಆಕಾರಿಕ ಭಾಗಕ್ಕೆ 70, ಸಂಕಲಿತಕ್ಕೆ 30 ಎಂದೂ, ಮೂರನೆಯ, ನಾಲ್ಕನೆಯ ಇಯತ್ತೆಗಳಿಗೆ 60 ಮತ್ತು 40 ಎಂದೂ ಭಾರಾಂಶ ಗೊತ್ತುಪಡಿಸಲಾಯಿತು. ಅಂದರೆ ಚಿಕ್ಕ ಇಯತ್ತೆಗಳಲ್ಲಿ ಪರೀಕ್ಷೆಗಿಂತ ಶಿಕ್ಷಕರ ಅವಲೋಕನಕ್ಕೇ ಹೆಚ್ಚು ಬೆಲೆ. ಆ ಅವಲೋಕನದ ಲಿಖಿತ ರೂಪವೇ ವರ್ಣನಾತ್ಮಕ ನಮೂದು. ಆದರೆ ಏಪ್ರಿಲ್ ಕೊನೆಯ ರಾತ್ರಿಗಳಲ್ಲಿ ಬರೆದ ನಮೂದುಗಳನ್ನು ತೆರೆದು ನೋಡಿದರೆ ‘ಪ್ರಗತಿ ಸಮಾಧಾನಕರ’, ‘ಓದಿನಲ್ಲಿ ಸುಧಾರಣೆ ಅಗತ್ಯ’ ಎಂಬ ಎರಡೇ ವಾಕ್ಯಗಳು ಮೂವತ್ತು ಹೆಸರುಗಳ ಮುಂದೆ ಸಾಲಾಗಿ ನಿಂತಿರುವುದು ಅಪರೂಪವಲ್ಲ. ಇಂಥ ವಾಕ್ಯವನ್ನು ಮಗುವನ್ನು ಒಮ್ಮೆಯೂ ಕಾಣದವರೂ ಬರೆಯಬಹುದು. ಜೂನ್ ಮಧ್ಯದಲ್ಲಿ ಹೊಸ ಇಯತ್ತೆಯನ್ನು ವಹಿಸಿಕೊಳ್ಳುವ ಶಿಕ್ಷಕಿಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ಹೀಗೆ ಬರೆದ ನಮೂದಿನ ಬೆಲೆ ಬೇರೆ: ‘ಒತ್ತಕ್ಷರವಿಲ್ಲದ ಶಬ್ದಗಳನ್ನು ತಡವರಿಸದೆ ಓದುತ್ತಾಳೆ. ಅಕ್ಕ, ಹಣ್ಣು, ಬೆಲ್ಲ ಮುಂತಾದ ಸಜಾತೀಯ ಒತ್ತುಗಳು ಬಂದಿವೆ. ಪುಸ್ತಕ, ಚಂದ್ರ ಎಂಬಲ್ಲಿ ನಿಲ್ಲುತ್ತಾಳೆ. ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಪೂರ್ತಿಯಾಗಿ ಹೇಳುತ್ತಾಳೆ. ಎರಡು ವಾಕ್ಯಗಳಿಗಿಂತ ಹೆಚ್ಚು ಬರೆಯುವುದಿಲ್ಲ.’ ಇಷ್ಟಿದ್ದರೆ ಮುಂದಿನ ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ.

ಗಡಿಭಾಗದ ಶಿಕ್ಷಕರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕಾಗುತ್ತದೆ. ‘ಮನೆ’ ಎಂಬುದನ್ನು ‘ಮನಿ’ ಎಂದೂ ‘ತಲೆ’ಯನ್ನು ‘ತಲಿ’ ಎಂದೂ ಬರೆಯುವ ಮಗು ತಾನಾಡುವ ಕನ್ನಡವನ್ನು ಕಿವಿಗೆ ಕೇಳಿದಂತೆಯೇ ಬರೆದಿದೆ. ಧ್ವನಿಗೆ ತಕ್ಕ ಅಕ್ಷರವನ್ನು ಅದು ಸರಿಯಾಗಿ ಆರಿಸಿಕೊಂಡಿದೆ. ಗ್ರಂಥಭಾಷೆಯ ಪರಿಚಯ ಇನ್ನೂ ಸಾಲದು, ಅಷ್ಟೆ. ‘ಬೆಳೆ’ ಎಂದು ಹೇಳಿ ‘ಬೇಳೆ’ ಎಂದು ಬರೆಯುವ, ‘ಕೊಡು’ ಎಂಬಲ್ಲಿ ‘ಕೋಡು’ ಎಂದು ಬರೆಯುವ ಮಗುವಿನ ತೊಡಕು ಬೇರೆ. ಕನ್ನಡದಲ್ಲಿ ಎ–ಏ, ಒ–ಓಗಳಿಗೆ ಪ್ರತ್ಯೇಕ ಅಕ್ಷರಗಳಿವೆ. ಮರಾಠಿಯ ಬರಹದಲ್ಲಿ ಆ ಭೇದವಿಲ್ಲ. ಎರಡೂ ಲಿಪಿಗಳನ್ನು ಒಟ್ಟಿಗೆ ಕಲಿಯುವ ಮಗು ಅಲ್ಲಿಯ ರೂಢಿಯನ್ನು ಇಲ್ಲಿಗೆ ತರುವುದು ಸಹಜ. (ಳಕಾರದಲ್ಲಿ ಈ ತೊಂದರೆ ಕಾಣದು, ಅದು ಮರಾಠಿಯಲ್ಲಿಯೂ ಇದೆ.) ಮೊದಲನೆಯ ಮಗುವಿಗೆ ಪುಸ್ತಕಗಳನ್ನು ಓದಿ ಹೇಳುವುದೇ ಮದ್ದು, ಎರಡನೆಯದಕ್ಕೆ ಹ್ರಸ್ವ–ದೀರ್ಘ ಜೋಡಿಗಳ ಉಕ್ತಲೇಖನ. ಇಬ್ಬರ ಮುಂದೆಯೂ ‘ಶುದ್ಧಲೇಖನ ದೋಷ’ ಎಂದು ಬರೆದರೆ ಇಬ್ಬರಿಗೂ ಮದ್ದು ತಪ್ಪುತ್ತದೆ.

ಇದಕ್ಕೆ ಸಮಯವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದೇ. ದಿನಕ್ಕೆ ನಾಲ್ವರಂತೆ ಮಕ್ಕಳನ್ನು ಹತ್ತಿರ ಕರೆದು, ಪಾಠಪುಸ್ತಕದಲ್ಲಿಲ್ಲದ ಐದಾರು ಸಾಲುಗಳನ್ನು ಓದಿಸಿ, ಮೂರು ವಾಕ್ಯ ಬರೆಯಿಸಿದರೆ ಮೂವತ್ತು ಮಕ್ಕಳಿಗೆ ಎಂಟು ದಿನ ಸಾಕು. ಪಾಠಪುಸ್ತಕದ ಸಾಲು ಬೇಡವೆನ್ನಲು ಕಾರಣವಿದೆ: ಮಾರ್ಚ್ ಹೊತ್ತಿಗೆ ಅನೇಕ ಮಕ್ಕಳಿಗೆ ಬಾಲಭಾರತಿಯ ಪಾಠಗಳು ಬಾಯಿಪಾಠವಾಗಿರುತ್ತವೆ, ಓದುತ್ತಿರುವಂತೆ ತೋರುವ ಮಗು ನೆನಪಿನಿಂದ ಒಪ್ಪಿಸುತ್ತಿರಬಹುದು. ನಮೂದನ್ನು ಆ ಕ್ಷಣದಲ್ಲಿಯೇ ಬರೆಯಬೇಕು. ಸಂಜೆಯ ಹೊತ್ತಿಗೆ ನಾಲ್ವರೂ ಒಂದೇ ಆಗಿಬಿಡುತ್ತಾರೆ.

ಕಬ್ಬು ಕಡಿಯಲು ಹೋದ ಕುಟುಂಬಗಳ ಮಕ್ಕಳು ಊರಿಗೆ ಮರಳುವುದೂ ಈ ವಾರಗಳಲ್ಲಿಯೇ. ದೀಪಾವಳಿಯ ಸುಮಾರಿಗೆ ಹೊರಟವರು ಕಾರ್ಖಾನೆಗಳ ಹಂಗಾಮು ಮುಗಿದ ಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ ಬರುತ್ತಾರೆ. ಪರೀಕ್ಷೆ ಎದುರಿಗಿದೆಯೆಂದು ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸುವುದು ಸುಲಭ. ಅದರ ಬದಲು ಮೇಲೆ ಹೇಳಿದ ಓದಿನ ಪರಿಶೀಲನೆಯನ್ನು ಅವರಿಂದಲೇ ಆರಂಭಿಸುವುದು ಉಚಿತ. ಅಕ್ಟೋಬರಿನಲ್ಲಿ ಓದುತ್ತಿದ್ದ ಮಗು ಈಗ ಮರೆತಿದೆಯೇ ಎಂಬುದನ್ನು ತಿಳಿಯಲು ಮುಂದಿನ ಹಂಗಾಮಿಗೆ ಮೊದಲು ಸಿಗುವ ಕಾಲ ಜೂನ್‌ನಿಂದ ಅಕ್ಟೋಬರಿನವರೆಗೆ ಮಾತ್ರ. ಅದರಲ್ಲಿ ಒಂದು ತಿಂಗಳನ್ನು ಹೊಸ ಶಿಕ್ಷಕಿ ಪರಿಚಯಕ್ಕೇ ಕಳೆಯುವಂತಾಗಬಾರದು.

ನಾಲ್ಕನೆಯ ಇಯತ್ತೆ ಮುಗಿಸುವ ಮಕ್ಕಳ ವಿಷಯ ಇನ್ನೂ ಗಂಭೀರ. ಶಾಲೆ ನಾಲ್ಕಕ್ಕೇ ಮುಗಿಯುವ ಊರುಗಳಲ್ಲಿ ಮಗು ಕನ್ನಡದಲ್ಲಿ ಮುಂದುವರಿಯುವುದೋ ಮರಾಠಿ ಇಲ್ಲವೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವುದೋ ಎಂಬ ನಿರ್ಧಾರ ಏಪ್ರಿಲ್‌ನಲ್ಲಿ ಮನೆಯ ಕಟ್ಟೆಯ ಮೇಲೆ ಆಗುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುವ 350ಎ ವಿಧಿ 1956ರಿಂದ ಸಂವಿಧಾನದಲ್ಲಿದೆ. ಆದರೆ ಕನ್ನಡದ ಐದನೆಯ ಇಯತ್ತೆ ಯಾವ ಊರಿನಲ್ಲಿದೆ, ಅಲ್ಲಿಗೆ ಬಸ್ಸು ಎಷ್ಟು ಗಂಟೆಗೆ, ಊರಿನ ಇನ್ನಾರು ಅಲ್ಲಿಗೆ ಹೋಗುತ್ತಾರೆ ಎಂಬುದನ್ನು ತಂದೆತಾಯಿಗಳಿಗೆ ತಿಳಿಸಬೇಕಾದವರು ಶಿಕ್ಷಕರೇ. ಸೆಪ್ಟೆಂಬರ್ 30ರ ಪಟಸಂಖ್ಯೆಯ ಮೇಲೆ ಸಂಚ ಮಾನ್ಯತೆ ನಿಂತಿರುವುದರಿಂದ ನಾಲ್ಕೈದು ಮಕ್ಕಳ ವ್ಯತ್ಯಾಸದಲ್ಲಿ ಮುಂದಿನ ಶಾಲೆಯ ಒಂದು ಶಿಕ್ಷಕ ಹುದ್ದೆ ಉಳಿಯಲೂಬಹುದು, ಹೋಗಲೂಬಹುದು. ಹಾಗೆಂದು ಮಗುವನ್ನು ಹುದ್ದೆಯ ಸಲುವಾಗಿ ಹಿಡಿದಿಡುವುದೂ ತರವಲ್ಲ. ಮನೆಯವರು ಮರಾಠಿ ಶಾಲೆಯನ್ನೇ ಆರಿಸಿದರೆ ಮಗುವಿನ ನಮೂದಿನ ಸಾರವನ್ನು ಮರಾಠಿಯಲ್ಲಿ ಬರೆದು ಶಾಲೆ ಬಿಟ್ಟ ದಾಖಲೆಯ ಜೊತೆಗೆ ಕೊಡಬೇಕು. ಇಲ್ಲವಾದರೆ ನಾಲ್ಕು ವರ್ಷ ಚೆನ್ನಾಗಿ ಕಲಿತ ಮಗು ಅಲ್ಲಿ ಏನೂ ಬಾರದ ಮಗುವೆನಿಸುತ್ತದೆ.

ಮೇ 1ರಂದು ಧ್ವಜವಂದನೆಯ ನಂತರ ಪ್ರಗತಿ ಪತ್ರಕಕ್ಕಾಗಿ ಪಾಲಕರು ಶಾಲೆಗೆ ಬರುತ್ತಾರೆ. ಆ ದಿನ ಶ್ರೇಣಿಯನ್ನಷ್ಟೇ ಹೇಳಿ ಕಾಗದ ಕೈಗಿಡದೆ, ಮಗುವಿನಿಂದ ನಾಲ್ಕು ಸಾಲು ಓದಿಸಿ ತೋರಿಸಿ, ನಮೂದನ್ನು ಆಡುಮಾತಿನಲ್ಲಿ ಓದಿ ಹೇಳಬೇಕು. ಅಕ್ಷರ ತಿಳಿಯದ ತಾಯಿಗೂ ಅದು ಅರ್ಥವಾಗುತ್ತದೆ. ನಮೂದಿನ ಪ್ರತಿಯೊಂದನ್ನು ಮುಂದಿನ ಇಯತ್ತೆಯ ಹಾಜರಿ ಪುಸ್ತಕದಲ್ಲಿಟ್ಟು, ಅದು ಎಲ್ಲಿದೆಯೆಂಬುದನ್ನು ಮುಖ್ಯಾಧ್ಯಾಪಕರಿಗೆ ತಿಳಿಸಿಯೇ ರಜೆಗೆ ಹೊರಡಬೇಕು.