ಹಾಲುಹಲ್ಲು ಅಲುಗಾಡಿದಾಗ ತಂದೆತಾಯಿಗಳ ಕರ್ತವ್ಯ

ಮಗುವಿಗೆ ಸುಮಾರು 6 ವರ್ಷವಾದಾಗ ಮುಂದಿನ ಹಾಲುಹಲ್ಲು ಅಲುಗಾಡತೊಡಗುತ್ತದೆ. ಇದು ರೋಗವಲ್ಲ. ಕೆಳಗಿನಿಂದ ಶಾಶ್ವತ ಹಲ್ಲು ಬೆಳೆದು ಬರುವಾಗ ಹಾಲುಹಲ್ಲಿನ ಬೇರು ಕ್ರಮೇಣ ಕರಗಿ, ಹಲ್ಲು ಸಡಿಲಗೊಳ್ಳುತ್ತದೆ. ಹೀಗೆ 20 ಹಾಲುಹಲ್ಲುಗಳೂ ಉದುರುವುದಕ್ಕೆ ಸುಮಾರು 12 ವರ್ಷ ವಯಸ್ಸಾಗಬೇಕು.

ಮನೆಯಲ್ಲಿ ಮಾಡಬೇಕಾದುದು

ಮಗುವಿಗೆ ಧೈರ್ಯ ಹೇಳಿರಿ. ಕೈ ತೊಳೆದುಕೊಂಡು ಬೆರಳಿನಿಂದಲೋ ನಾಲಗೆಯಿಂದಲೋ ಹಲ್ಲನ್ನು ಮೆಲ್ಲನೆ ಆಡಿಸಲು ಬಿಡಿರಿ. ಮುದ್ದೆ, ಮೆತ್ತನೆಯ ಅನ್ನ, ಬಾಳೆಹಣ್ಣು ಕೊಡಿರಿ. ಹಲ್ಲುಜ್ಜುವುದನ್ನು ನಿಲ್ಲಿಸಕೂಡದು. ದಾರ ಕಟ್ಟಿ ಬಾಗಿಲಿಗೆ ಬಿಗಿದು ಎಳೆಯುವುದು ತಪ್ಪು. ಬೇರು ಮುರಿದು ಒಳಗುಳಿಯಬಹುದು, ವಸಡು ಹರಿಯಬಹುದು.

ಹಲ್ಲು ಉದುರಿದ ಜಾಗದಲ್ಲಿ ರಕ್ತ ಬಂದರೆ ಶುಭ್ರವಾದ ಬಟ್ಟೆಯನ್ನು ಮಡಿಸಿ 10 ನಿಮಿಷ ಕಚ್ಚಿಸಿರಿ. ಸುಣ್ಣ, ನಶ್ಯ, ಹೊಗೆಸೊಪ್ಪು ಹಚ್ಚಬಾರದು. ಉದುರಿದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ರೂಢಿಯಿಂದ ಹಾನಿಯಿಲ್ಲ. ಬಳಿಕ ಮಗುವಿನ ಕೈಗಳನ್ನು ಸೋಪಿನಿಂದ ತೊಳೆಯಿರಿ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

4 ವರ್ಷಕ್ಕೂ ಮೊದಲೇ ಹಲ್ಲು ಅಲುಗಾಡಿದರೆ, ವಸಡು ಊದಿ ಕೀವು ಅಥವಾ ಜ್ವರ ಬಂದರೆ, ಅರ್ಧ ಗಂಟೆಯಾದರೂ ರಕ್ತ ನಿಲ್ಲದಿದ್ದರೆ, ಹಾಲುಹಲ್ಲು ಉದುರದೆ ಅದರ ಹಿಂದೆ ಹೊಸ ಹಲ್ಲು ಮೂಡಿದರೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರಿಗೆ ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ ದಾವಣಗೆರೆಯ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಮಗು ಬಿದ್ದು ಹಾಲುಹಲ್ಲು ಕಿತ್ತುಬಂದರೆ ಅದನ್ನು ಮರಳಿ ಕೂರಿಸಬೇಡಿರಿ. ಶಾಶ್ವತ ಹಲ್ಲು ಕಿತ್ತುಬಂದಿದ್ದರೆ, ಬೇರನ್ನು ಮುಟ್ಟದೆ ಹಾಲಿನಲ್ಲಿಟ್ಟು ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಒಯ್ಯಿರಿ. ಆ ಹಲ್ಲು ಉಳಿಯುವ ಸಂಭವವಿದೆ.

ಮರೆಯಬಾರದ ಎರಡು ಮಾತು

6ನೆಯ ವಯಸ್ಸಿನಲ್ಲಿಯೇ ಹಾಲುದವಡೆ ಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಹುಟ್ಟುತ್ತದೆ. ಅನೇಕರು ಇದನ್ನು ಹಾಲುಹಲ್ಲೆಂದು ಭಾವಿಸಿ, ಹುಳುಕು ಹಿಡಿದರೂ ಉದಾಸೀನ ಮಾಡುವರು. ಇದು ಶಾಶ್ವತ ಹಲ್ಲು. ಹೋದರೆ ಮತ್ತೆ ಬಾರದು.

ಜಗಳೂರು ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆಯ ಮಕ್ಕಳು ನಿತ್ಯ ಕುಡಿದರೆ, ವಸಡಿನೊಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಕಲೆ ಬೀಳುತ್ತದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಪರೀಕ್ಷಿಸಿದ, ಶುದ್ಧೀಕರಿಸಿದ ನೀರನ್ನೇ ಕುಡಿಸಿರಿ.

ಹಾಲುಹಲ್ಲು ತಾನಾಗಿ ಉದುರುವುದು. ಅದರ ಸ್ಥಾನದಲ್ಲಿ ಬರುವ ಹಲ್ಲು ಬಾಳಿನುದ್ದಕ್ಕೂ ಉಳಿಯುವಂತೆ ನೋಡಿಕೊಳ್ಳುವುದು ತಂದೆತಾಯಿಗಳಿಬ್ಬರ ಹೊಣೆ.