ಖರ್ಜೂರ ತರಿಸುವ ಮುನ್ನ: ಅಕ್ಕ–ತಮ್ಮಂದಿರ ಆಮದು ವ್ಯಾಪಾರಕ್ಕೊಂದು ದಾರಿ

ಕರಾವಳಿಯ ಎಷ್ಟೋ ಮನೆಗಳಲ್ಲಿ ಈ ಯೋಚನೆ ಒಂದಲ್ಲ ಒಂದು ಸಲ ಬಂದುಹೋಗಿರುತ್ತದೆ. ತಮ್ಮ ದುಬೈಯಲ್ಲೋ ದಮ್ಮಾಮಿನಲ್ಲೋ ಕೆಲಸದಲ್ಲಿದ್ದಾನೆ. ಅಕ್ಕ ಮಂಗಳೂರಿನಲ್ಲೋ ಭಟ್ಕಳದಲ್ಲೋ ಇದ್ದಾಳೆ, ಲೆಕ್ಕಪತ್ರ ಬಲ್ಲಳು, ನಾಲ್ಕು ಅಂಗಡಿಗಳ ಪರಿಚಯವಿದೆ. ರಜೆಗೆ ಬಂದವನು ತಂದ ಸುಕ್ಕರಿ, ಅಜ್ವಾ ಖರ್ಜೂರ ತಿಂದ ನೆಂಟರು ‘ಇದು ಇಲ್ಲೇ ಸಿಕ್ಕರೆ ನಮಗೂ ಬೇಕು’ ಎನ್ನುತ್ತಾರೆ. ಮಾಲು ಸಿಗುವ ಜಾಗದಲ್ಲಿ ಒಬ್ಬರು, ಮಾಲು ಖರ್ಚಾಗುವ ಜಾಗದಲ್ಲಿ ಒಬ್ಬರು ಇರುವುದು ಆಮದು ವ್ಯಾಪಾರದಲ್ಲಿ ದೊಡ್ಡ ಬಲ. ಆ ಬಲವನ್ನು ಸರಿಯಾದ ಕಾಗದಪತ್ರದೊಂದಿಗೆ ಬಳಸಿಕೊಂಡರೆ ಸಣ್ಣ ಸಂಸ್ಥೆಯೊಂದನ್ನು ನಿಲ್ಲಿಸಬಹುದು. ಬಂದರಿನ ಕಾಗದಗಳನ್ನು ಹೇಳಿಕೊಡುವವರು ಹಲವರು ಸಿಗುತ್ತಾರೆ. ಅಕ್ಕ–ತಮ್ಮಂದಿರ ನಡುವೆ ಆಗಬೇಕಾದ ಕಾಗದದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಮಾರಿ ನೋಡಿ

ಸೂಟ್‌ಕೇಸಿನಲ್ಲಿ ತಂದ ಖರ್ಜೂರವನ್ನು ಮಾರಲು ಹೊರಡಬೇಡಿ. ಪ್ರಯಾಣಿಕರ ಸಾಮಾನೆಂದು ಬಿಟ್ಟದ್ದು ಮನೆ ಬಳಕೆಗೆ. ಆಹಾರ ಸುರಕ್ಷತೆಯ ತಪಾಸಣೆಯಾಗದ ಆ ಮಾಲನ್ನು ಅಂಗಡಿಗೆ ಹಾಕುವುದು ಕಾನೂನಿಗೆ ವಿರುದ್ಧ. ಬದಲಿಗೆ ಮೊದಲ ಹಂಗಾಮಿಗೆ, ಈಗಾಗಲೇ ಆಮದು ಮಾಡಿಕೊಂಡವರ ಹತ್ತಿರ ಒಂದಿನ್ನೂರು ಕಿಲೋ ಕೊಂಡು ಮಾರಿ ನೋಡಿ. ನವಿ ಮುಂಬೈನ ವಾಶಿ ಎಪಿಎಂಸಿ ಮಾರುಕಟ್ಟೆಯ ಸಗಟು ವ್ಯಾಪಾರಿಗಳಲ್ಲಿ ಇದು ಸಿಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಣ್ಣ ವ್ಯಾಪಾರಿಗಳ ನೋಂದಣಿ ಇದಕ್ಕೆ ಸಾಕು.

ಲಾಭ ಕಡಿಮೆ, ನಿಜ. ಆದರೆ ಯಾವ ತಳಿ ಓಡುತ್ತದೆ, ಅರ್ಧ ಕಿಲೋ ಡಬ್ಬಿ ಕೇಳುತ್ತಾರೋ ಐದು ಕಿಲೋ ಪೆಟ್ಟಿಗೆಯೋ, ಯಾವ ಅಂಗಡಿಯವರು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ ಎಂಬುದು ಕಂಟೇನರ್ ಬರುವ ಮೊದಲೇ ಕೈಗೆ ಸಿಗುತ್ತದೆ. ಬೆಂಗಳೂರಿನ ರಸೆಲ್ ಮಾರ್ಕೆಟ್‌ಗೆ ರಂಜಾನ್ ಸಮಯದಲ್ಲಿ ಒಂದು ಸಂಜೆ ಹೋಗಿ ಬನ್ನಿ. ತಳಿ, ದರ, ಪ್ಯಾಕಿಂಗ್ ಎಲ್ಲ ಒಂದೇ ಸುತ್ತಿನಲ್ಲಿ ಕಾಣುತ್ತದೆ.

ಹಂಗಾಮನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಕೊಲ್ಲಿ ದೇಶಗಳಲ್ಲಿ ಮುಖ್ಯ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. 2026ರಲ್ಲಿ ಅದು ಫೆಬ್ರುವರಿ ಮೂರನೇ ವಾರ ಶುರುವಾಯಿತು. ಹಾಗಾಗಿ ಹೊಸ ಫಸಲಿಗೂ ಹಬ್ಬದ ಬೇಡಿಕೆಗೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಮಾಲನ್ನು ಶೀತಲಗೃಹದಲ್ಲಿ ಇಡಬೇಕಾದ ತಿಂಗಳುಗಳು ಕಡಿಮೆಯಾಗುತ್ತಿರುವುದು ಸಣ್ಣ ಬಂಡವಾಳದವರಿಗೆ ಅನುಕೂಲ.

ಒಡಹುಟ್ಟಿದವರ ನಡುವಿನ ಕಾಗದ

‘ನಮ್ಮ ನಮ್ಮಲ್ಲಿ ಎಂಥ ಅಗ್ರಿಮೆಂಟು?’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ನೀವು ಬರೆದುಕೊಳ್ಳದಿದ್ದರೆ ನಿಮ್ಮ ಪರವಾಗಿ ಕಾನೂನೇ ಬರೆದಿಟ್ಟಿರುತ್ತದೆ. ಇಬ್ಬರು ಸೇರಿ ವ್ಯಾಪಾರ ಮಾಡಿ ಲಾಭ ಹಂಚಿಕೊಳ್ಳಲು ಒಪ್ಪಿದರೆ 1932ರ ಪಾಲುದಾರಿಕೆ ಕಾಯ್ದೆ ಅನ್ವಯವಾಗುತ್ತದೆ. ಅದರ 13ನೇ ಕಲಂ ಹೇಳುವುದು ಇಷ್ಟು: ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ–ನಷ್ಟ ಇಬ್ಬರಿಗೂ ಸಮಪಾಲು, ವ್ಯಾಪಾರಕ್ಕಾಗಿ ದುಡಿದವರಿಗೆ ಸಂಬಳ ಇಲ್ಲ, ಬಂಡವಾಳಕ್ಕಿಂತ ಹೆಚ್ಚಾಗಿ ಸಂಸ್ಥೆಗೆ ಕೊಟ್ಟ ಹಣಕ್ಕೆ ವರ್ಷಕ್ಕೆ ಶೇ 6ರ ಬಡ್ಡಿ.

ಇದನ್ನು ಮೇಲಿನ ಮನೆಗೇ ಹೊಂದಿಸಿ ನೋಡಿ. ತಮ್ಮ ಎಂಟು ಲಕ್ಷ ಹಾಕಿದ್ದಾನೆ, ಅಕ್ಕ ಎರಡು ಲಕ್ಷ. ಅಕ್ಕ ಬೆಳಗಿನಿಂದ ರಾತ್ರಿಯವರೆಗೆ ಗೋದಾಮು, ಬ್ಯಾಂಕು, ಅಂಗಡಿ ಎಂದು ಓಡಾಡುತ್ತಾಳೆ; ತಮ್ಮ ತನ್ನ ನೌಕರಿಯ ನಡುವೆ ವಾರಕ್ಕೊಮ್ಮೆ ಮಾಲು ನೋಡುತ್ತಾನೆ. ವರ್ಷದ ಕೊನೆಗೆ ಅರ್ಧರ್ಧ ಎಂದರೆ ಹೆಚ್ಚು ದುಡ್ಡು ಹಾಕಿದ ತಮ್ಮನಿಗೆ ಸಾಲದು ಅನಿಸುತ್ತದೆ, ಸಂಬಳವಿಲ್ಲದೆ ದುಡಿದ ಅಕ್ಕನಿಗೂ ಸಾಲದು ಅನಿಸುತ್ತದೆ. ಇಬ್ಬರದೂ ನ್ಯಾಯವಾದ ಬೇಸರವೇ. ಮೊದಲೇ ಬರೆದುಕೊಂಡಿದ್ದರೆ ಆ ಬೇಸರ ಹುಟ್ಟುತ್ತಲೇ ಇರಲಿಲ್ಲ.

ಪಾಲುದಾರಿಕೆ ಪತ್ರದಲ್ಲಿ ಇವಂತೂ ಇರಲೇಬೇಕು: ಯಾರ ಬಂಡವಾಳ ಎಷ್ಟು, ದುಡಿಯುವವರಿಗೆ ತಿಂಗಳ ಸಂಬಳ ಎಷ್ಟು, ಎಷ್ಟು ರೂಪಾಯಿ ಮೀರಿದ ಆರ್ಡರಿಗೆ ಇಬ್ಬರ ಬರಹದ ಒಪ್ಪಿಗೆ ಬೇಕು, ಚೆಕ್ಕಿಗೆ ಸಹಿ ಯಾರದು, ಒಬ್ಬರು ಬಿಡುವುದಾದರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ. ಒಬ್ಬರು ತೀರಿಕೊಂಡರೆ ಏನು ಎಂಬುದನ್ನೂ ಬರೆಯಿರಿ. ಕೇಳಲು ಕಷ್ಟವೆನಿಸಿದರೂ ಇದನ್ನು ಬಿಡುವಂತಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರೊಬ್ಬರ ಸಾವಿನೊಂದಿಗೆ ಸಂಸ್ಥೆಯೂ ಮುಗಿಯುತ್ತದೆ ಎನ್ನುತ್ತದೆ 42ನೇ ಕಲಂ. ಅತ್ತಿಗೆ, ಭಾವ, ಅಮ್ಮ ಎಲ್ಲರೂ ಕೂತಿರುವಾಗ ಒಮ್ಮೆ ಗಟ್ಟಿಯಾಗಿ ಓದಿ. ಅಮ್ಮನ ಚಿನ್ನ, ಮನೆಯ ಪತ್ರ ಅಡಮಾನಕ್ಕೆ ಹೋಗುತ್ತದೋ ಇಲ್ಲವೋ ಎಂಬುದೂ ಅವತ್ತೇ ತೀರ್ಮಾನವಾಗಲಿ. ನೆಂಟರಿಗೆ ಕೊಟ್ಟ ಪೆಟ್ಟಿಗೆಗೂ ಬಿಲ್ ಹಾಕುವ ನಿಯಮ ಇಟ್ಟುಕೊಳ್ಳಿ; ಉಡುಗೊರೆ ಕೊಡುವುದಾದರೆ ಕೊಟ್ಟವರ ಲೆಕ್ಕಕ್ಕೆ ಬರೆಯಿರಿ.

ಸಂಸ್ಥೆಯನ್ನು ನೋಂದಾಯಿಸಿ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ಬಾಕಿ ಉಳಿಸಿಕೊಂಡ ಅಂಗಡಿಯವನ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡಲು 69ನೇ ಕಲಂ ಬಿಡುವುದಿಲ್ಲ. ಪಾಲುದಾರಿಕೆಯಲ್ಲಿ ಸಾಲದ ಹೊಣೆ ಸ್ವಂತ ಆಸ್ತಿಯವರೆಗೂ ಹೋಗುತ್ತದೆ ಎಂಬುದು ನೆನಪಿರಲಿ. ಹಾಳಾಗುವ ಮಾಲಿನ ವ್ಯಾಪಾರಕ್ಕೆ ನನ್ನ ಒಲವು 2008ರ ಕಾಯ್ದೆಯಡಿಯ ಸೀಮಿತ ಹೊಣೆಯ ಪಾಲುದಾರಿಕೆ (ಎಲ್‌ಎಲ್‌ಪಿ) ಕಡೆಗೆ. ಪ್ರತಿ ವರ್ಷ ವಿವರ ಸಲ್ಲಿಸುವ ಖರ್ಚು ಇದೆ, ಆದರೆ ಒಂದು ಕಂಟೇನರ್ ಮುಳುಗಿದರೂ ಮನೆ ಮುಳುಗುವುದಿಲ್ಲ.

ಗಲ್ಫ್‌ನಲ್ಲಿರುವ ತಮ್ಮನಿಗೆ ಎರಡು ಎಚ್ಚರ

ಅನಿವಾಸಿ ಭಾರತೀಯರು ಇಲ್ಲಿನ ಪಾಲುದಾರಿಕೆ ಸಂಸ್ಥೆಯಲ್ಲಿ ಬಂಡವಾಳ ಹಾಕಬಹುದು, ಆದರೆ ಅದನ್ನು ಹೊರದೇಶಕ್ಕೆ ವಾಪಸು ಒಯ್ಯದ ಷರತ್ತಿನಡಿ. ಹಣ ಬ್ಯಾಂಕಿನ ಮೂಲಕವೇ ಬರಲಿ. ಹುಂಡಿ, ಹವಾಲಾ ಹತ್ತಿರವೂ ಸುಳಿಯಬಾರದು.

ಎರಡನೆಯದು ಇನ್ನೂ ಮುಖ್ಯ. ತಮ್ಮನೇ ಅಲ್ಲಿ ಟ್ರೇಡ್ ಲೈಸನ್ಸ್ ಪಡೆದು ತನ್ನ ಸಂಸ್ಥೆಯಿಂದ ಅಕ್ಕನ ಸಂಸ್ಥೆಗೆ ಮಾಲು ಕಳಿಸಿದರೆ, 2007ರ ಸುಂಕ ಮೌಲ್ಯ ನಿರ್ಧಾರ ನಿಯಮಗಳ ಪ್ರಕಾರ ಒಂದೇ ಕುಟುಂಬದ ಸದಸ್ಯರು ‘ಸಂಬಂಧಿತ ವ್ಯಕ್ತಿಗಳು’. ಇನ್‌ವಾಯ್ಸಿನ ಬೆಲೆ ನಿಜವಾದದ್ದೇ ಎಂದು ಕಸ್ಟಮ್ಸ್‌ನವರು ಪ್ರತ್ಯೇಕವಾಗಿ ವಿಚಾರಿಸಬಹುದು. ಸಂಬಂಧವನ್ನು ಮುಚ್ಚಿಡದೆ ಘೋಷಿಸಿ, ಅದೇ ವಾರ ಬೇರೆಯವರಿಗೆ ಅದೇ ತಳಿ ಮಾರಿದ ಬಿಲ್ಲುಗಳನ್ನು ಜೋಡಿಸಿಡಿ. ಮೊದಲ ವರ್ಷ ಇದಕ್ಕಿಂತ ಸುಲಭ ದಾರಿ ಒಂದಿದೆ: ತಮ್ಮ ಮಾಲು ನೋಡಿ, ರುಚಿ ನೋಡಿ, ಲೋಡಿಂಗ್ ಹೊತ್ತಿಗೆ ಎದುರು ನಿಲ್ಲಲಿ, ಬಿಲ್ಲು ಮಾತ್ರ ಅಲ್ಲಿನ ಪರವಾನಗಿ ಇರುವ ರಫ್ತುದಾರನಿಂದ ನೇರವಾಗಿ ಬರಲಿ.

ಸಂಖ್ಯೆಗಳು, ಪರವಾನಗಿಗಳು

ಇವು ಆನ್‌ಲೈನಿನಲ್ಲೇ ಮುಗಿಯುತ್ತವೆ. ಸಂಸ್ಥೆಯ ಪ್ಯಾನ್, ಚಾಲ್ತಿ ಖಾತೆ, ಜಿಎಸ್‌ಟಿ ನೋಂದಣಿ ಆದ ಮೇಲೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು–ರಫ್ತು ಸಂಕೇತ ಸಂಖ್ಯೆ (ಐಇಸಿ) ಪಡೆಯಿರಿ. ಶುಲ್ಕ 500 ರೂಪಾಯಿ, ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಆಹಾರ ಆಮದಿಗೆ ಎಫ್‌ಎಸ್‌ಎಸ್‌ಎಐನ ಕೇಂದ್ರ ಪರವಾನಗಿಯೇ ಬೇಕು. ಅಂಗಡಿಗೆಂದು ಪಡೆದ ಸಣ್ಣ ನೋಂದಣಿ ಇದಕ್ಕೆ ನಡೆಯುವುದಿಲ್ಲ. ಡಬ್ಬಿಯಲ್ಲಿ ಮಾರುವುದಾದರೆ 2011ರ ಪೊಟ್ಟಣ ಸರಕುಗಳ ನಿಯಮದಡಿ ಆಮದುದಾರರಾಗಿ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲೂ ನೋಂದಣಿ ಮಾಡಿಸಿ. ಹಾಲಿನ ಪದಾರ್ಥ, ಮಾಂಸ, ಮೀನು ಸದ್ಯಕ್ಕೆ ಬೇಡ; ಅವಕ್ಕೆ ಪಶುಸಂಗೋಪನಾ ಇಲಾಖೆಯ ಪ್ರತ್ಯೇಕ ಅನುಮತಿ ಬೇಕಾಗುತ್ತದೆ.

ಮಾಲಿನ ಊರು ಯಾವುದು?

ಖರ್ಜೂರದಲ್ಲಿ ತಳಿಯಷ್ಟೇ ಮುಖ್ಯವಾದದ್ದು ಮೂಲ ದೇಶ. ಅಜ್ವಾ ಮದೀನಾದ್ದು, ಸುಕ್ಕರಿ ಖಸೀಮ್ ಪ್ರಾಂತ್ಯದ್ದು, ಫರ್ದ್ ಒಮಾನ್–ಯುಎಇ ಕಡೆಯದು, ಮೃದುವಾದ ಕಪ್ಪು ಮಜಾಫತಿ ಇರಾನಿನ ಬಮ್ ಸೀಮೆಯದು. ಮಜಾಫತಿಯಲ್ಲಿ ತೇವ ಹೆಚ್ಚು. ತಣ್ಣನೆಯ ಕಂಟೇನರ್, ಶೀತಲಗೃಹ ಇಲ್ಲದೆ ಕೆಡುತ್ತದೆ. ಜೊತೆಗೆ ಇರಾನಿನ ಮೇಲಿನ ನಿರ್ಬಂಧಗಳಿಂದ ಬ್ಯಾಂಕ್ ಪಾವತಿಯೇ ತೊಡಕು. ಮೊದಲ ಆರ್ಡರಿಗೆ ಒಣ ಬಗೆಯ ಸುಕ್ಕರಿ, ಸಫಾವಿ, ಖುದ್ರಿಯಂಥ ಗಟ್ಟಿ ಮಾಲು ಒಳ್ಳೆಯದು.

ದುಬೈಯಲ್ಲಿ ಕೊಂಡ ಮಾತ್ರಕ್ಕೆ ಖರ್ಜೂರ ಯುಎಇಯದಾಗುವುದಿಲ್ಲ. 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಯುಎಇ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿಗಳು ಅಲ್ಲಿ ಬೆಳೆದ ಮಾಲಿಗೆ ಮಾತ್ರ. ಸೌದಿಯ ಸುಕ್ಕರಿಗೆ ಅದನ್ನು ಕೇಳುವಂತಿಲ್ಲ. ರಿಯಾಯಿತಿ ಕೇಳುವವರು ಮೂಲದ ಮಾಹಿತಿಯನ್ನು ತಾವೇ ಇಟ್ಟುಕೊಂಡಿರಬೇಕು ಎಂದು 2020ರ ಕಸ್ಟಮ್ಸ್ ನಿಯಮ ಹೇಳುತ್ತದೆ. ‘ರಫ್ತುದಾರ ಕೊಟ್ಟ ಸರ್ಟಿಫಿಕೇಟ್ ಇದೆಯಲ್ಲ’ ಎಂದರೆ ಸಾಲದು.

ಒಣ ಖರ್ಜೂರ, ಅಂದರೆ ಉತ್ತುತ್ತೆ ತರಿಸುವವರಂತೂ ತೀರಾ ಎಚ್ಚರವಾಗಿರಬೇಕು. ಒಂದು ಕಾಲದಲ್ಲಿ ಅದು ಪಾಕಿಸ್ತಾನದಿಂದ ಹೇರಳವಾಗಿ ಬರುತ್ತಿತ್ತು. 2019ರ ಫೆಬ್ರುವರಿಯಲ್ಲಿ ಆ ದೇಶದ ಸರಕಿನ ಮೇಲೆ ಶೇ 200 ಸುಂಕ ಬಿತ್ತು. 2025ರ ಮೇ ತಿಂಗಳಲ್ಲಿ ನೇರ ಆಮದೂ ಬೇರೆ ದೇಶದ ಮೂಲಕದ ಆಮದೂ ಪೂರ್ತಿ ನಿಷೇಧವಾಯಿತು. ಅದರ ಬೆನ್ನಲ್ಲೇ ದುಬೈ ಹೆಸರಿನಲ್ಲಿ ಬಂದ ಪಾಕಿಸ್ತಾನಿ ಮಾಲನ್ನು ಕಂದಾಯ ಗುಪ್ತಚರ ನಿರ್ದೇಶನಾಲಯ ಕಂಟೇನರ್ ಸಮೇತ ಹಿಡಿದಿದೆ. ದರ ಮಾರುಕಟ್ಟೆಗಿಂತ ತೀರಾ ಅಗ್ಗವಾಗಿದ್ದರೆ ತಮ್ಮ ಮೊದಲು ಕೇಳಬೇಕಾದ ಪ್ರಶ್ನೆ, ಇದು ಬೆಳೆದದ್ದು ಎಲ್ಲಿ ಎಂಬುದು. ತೃಪ್ತಿಯಾಗುವ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಲೇಬಲ್ ಅಲ್ಲೇ ಸರಿಯಾಗಲಿ

ಸಣ್ಣ ಆಮದುದಾರರ ಮಾಲು ಸಿಕ್ಕಿಬೀಳುವುದು ಹೆಚ್ಚಾಗಿ ಲೇಬಲ್ಲಿನಲ್ಲಿ. ಅರಬಿ ಮಾತ್ರ ಇರುವ ಡಬ್ಬಿ ನಡೆಯುವುದಿಲ್ಲ. ಇಂಗ್ಲಿಷ್ ಅಥವಾ ಹಿಂದಿ ಇರಲೇಬೇಕು. ಆಮದುದಾರರ ಹೆಸರು–ವಿಳಾಸ, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇವನ್ನು ಬಂದರಿನ ಬಾಂಡೆಡ್ ಗೋದಾಮಿನಲ್ಲಿ ಕೀಳಲಾಗದ ಸ್ಟಿಕ್ಕರ್ ಅಂಟಿಸಿ ಸರಿಪಡಿಸಿಕೊಳ್ಳಲು 2017ರ ಆಹಾರ ಆಮದು ನಿಯಮಗಳು ಅವಕಾಶ ಕೊಡುತ್ತವೆ. ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಪದಾರ್ಥಗಳ ಪಟ್ಟಿ ಇಲ್ಲದಿದ್ದರೆ ಇಲ್ಲಿ ಅಂಟಿಸಲು ಬಿಡುವುದಿಲ್ಲ, ಮಾಲು ತಿರಸ್ಕಾರವಾಗುತ್ತದೆ. ಆದ್ದರಿಂದ ಮುದ್ರಣಕ್ಕೆ ಮೊದಲು ಲೇಬಲ್ಲಿನ ಫೋಟೊ ಅಕ್ಕನಿಗೆ ಬರಲಿ, ಅವಳು ಬಂದರಿನಲ್ಲಿ ಮಾಲು ಬಿಡಿಸಿಕೊಡುವ ಕಸ್ಟಮ್ಸ್ ಏಜೆಂಟರಿಗೆ (ಸಿಎಚ್‌ಎ) ತೋರಿಸಲಿ, ಆಮೇಲೆ ಅಚ್ಚಾಗಲಿ.

ಬಳಕೆಯ ಅವಧಿಗೂ ನಿಯಮವಿದೆ: ಬಂದರಿನಲ್ಲಿ ಬಿಡುಗಡೆಯಾಗುವಾಗ ಒಟ್ಟು ಅವಧಿಯ ಶೇ 60 ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಉಳಿದಿರಬೇಕು. ಆದರೆ ಮೂರೇ ತಿಂಗಳು ಉಳಿದ ಮಾಲನ್ನು ಅಂಗಡಿಯವರು ಮುಟ್ಟುವುದಿಲ್ಲ. ಹೊಸ ಫಸಲನ್ನೇ ಕೇಳಿ.

ಬಂದರಿನಲ್ಲಿ

ಮೊದಲ ಸಲ ಪೂರ್ತಿ ಕಂಟೇನರ್ ಬೇಡ. ಹಲವರ ಮಾಲು ಸೇರಿಸಿ ಕಳಿಸುವ ಎಲ್‌ಸಿಎಲ್‌ನಲ್ಲಿ ಒಂದೆರಡು ಟನ್ ತರಿಸಿ. ಕಿಲೋಗೆ ಖರ್ಚು ಜಾಸ್ತಿ ಬೀಳುತ್ತದೆ; ಆದರೆ ಇಡೀ ಹಾದಿ ಒಮ್ಮೆ ಕಣ್ಣಾರೆ ಕಂಡಂತಾಗುತ್ತದೆ. ನೀವು ಆರಿಸಿದ ಬಂದರು ಆಹಾರ ಆಮದಿಗೆ ಎಫ್‌ಎಸ್‌ಎಸ್‌ಎಐ ಗುರುತಿಸಿದ್ದೇ ಎಂದು ನೋಡಿಕೊಳ್ಳಿ. ಪಣಂಬೂರಿನ ನವ ಮಂಗಳೂರು ಬಂದರು ಮನೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಆರಿಸಬೇಡಿ. ಮುಂದ್ರಾ, ನ್ಹಾವಾ ಶೇವಾ, ಕೊಚ್ಚಿಗೆ ಹಡಗುಗಳು ಎಷ್ಟು ಸಲ ಬರುತ್ತವೆ, ಅಲ್ಲಿಂದ ಲಾರಿ ಬಾಡಿಗೆ ಎಷ್ಟು ಎಂದು ಹೋಲಿಸಿ.

ಸಿಎಚ್‌ಎ ಆರಿಸುವಾಗ ಆಹಾರ ಪದಾರ್ಥ ಬಿಡಿಸಿದ ಅನುಭವ ಇದೆಯೇ ಎಂದು ಕೇಳಿ. ಹಡಗು ಬರುವ ಮುನ್ನವೇ ಅವರ ಕೈಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್, ಮೂಲ ದೇಶದ ಪ್ರಮಾಣಪತ್ರ, ಅಲ್ಲಿನ ಕೃಷಿ ಇಲಾಖೆ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ತಲುಪಿರಬೇಕು. ಬಿಲ್ ಆಫ್ ಎಂಟ್ರಿ ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ. ಸಸ್ಯ ಸಂಗರೋಧದವರು ಹುಳು ನೋಡುತ್ತಾರೆ, ಎಫ್‌ಎಸ್‌ಎಸ್‌ಎಐ ಅಧಿಕಾರಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ವಿರುದ್ಧವಾಗಿ ಬಂದರೆ ಮೇಲ್ಮನವಿ ಸಲ್ಲಿಸಿ ರೆಫರಲ್ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಕೇಳಬಹುದು. ಮೈಸೂರಿನ ಸಿಎಫ್‌ಟಿಆರ್‌ಐ ಅಂಥದ್ದೊಂದು. ಅಲ್ಲೂ ಸೋತರೆ ಮಾಲನ್ನು ನಿಮ್ಮ ಖರ್ಚಿನಲ್ಲೇ ವಾಪಸು ಕಳಿಸಬೇಕು, ಇಲ್ಲವೇ ನಾಶ ಮಾಡಿಸಬೇಕು.

ಕೈಯಲ್ಲಿ ಎಷ್ಟು ದುಡ್ಡಿರಬೇಕು

ಮಾಲು, ಹಡಗು ಬಾಡಿಗೆ, ವಿಮೆ ಸೇರಿ 10 ಲಕ್ಷ ಎಂದುಕೊಳ್ಳಿ. ಮೂಲ ಸುಂಕ ಶೇ 20 ಇದ್ದರೆ 2 ಲಕ್ಷ, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ 20,000, ಒಟ್ಟು 12.2 ಲಕ್ಷದ ಮೇಲೆ ಶೇ 5ರ ಐಜಿಎಸ್‌ಟಿ 61,000. ಖರ್ಜೂರದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ 12ರಿಂದ 5ಕ್ಕೆ ಇಳಿದದ್ದು ಸಣ್ಣವರಿಗೆ ದೊಡ್ಡ ಉಸಿರು. ಐಜಿಎಸ್‌ಟಿ ಆಮೇಲೆ ಲೆಕ್ಕದಲ್ಲಿ ಜಮೆಯಾಗುತ್ತದೆ, ಆದರೆ ಮಾಲು ಹೊರಬರಬೇಕಾದರೆ 2.81 ಲಕ್ಷ ಅವತ್ತೇ ಕಟ್ಟಬೇಕು. ಇದರ ಮೇಲೆ ಸಿಎಚ್‌ಎ ಶುಲ್ಕ, ಪರೀಕ್ಷಾ ಶುಲ್ಕ, ಬಂದರಿನ ಡಿಮರೇಜ್, ಲಾರಿ, ಶೀತಲಗೃಹದ ಬಾಡಿಗೆ. ಅಂಗಡಿಯವರು ತಿಂಗಳು, ಒಂದೂವರೆ ತಿಂಗಳ ಉದ್ದರಿ ಕೇಳುತ್ತಾರೆ. ಆದ್ದರಿಂದ ಇರುವ ಬಂಡವಾಳದ ಅರ್ಧಕ್ಕಿಂತ ಹೆಚ್ಚನ್ನು ಮಾಲಿನ ಮೇಲೆ ಹಾಕಬೇಡಿ ಎಂಬುದು ನನ್ನ ಸಲಹೆ.

ರಫ್ತುದಾರನಿಗೆ ಪೂರ್ತಿ ಮುಂಗಡ ಕೊಡುವುದೂ ಬೇಡ. ಸ್ವಲ್ಪ ಮುಂಗಡ, ಉಳಿದದ್ದು ಬ್ಯಾಂಕಿಗೆ ಕಾಗದಪತ್ರ ಬಂದ ಮೇಲೆ ಎಂದು ಮಾತಾಡಿ. ತಮ್ಮ ಗೋದಾಮಿನಲ್ಲಿ ನಾಲ್ಕೈದು ಪೆಟ್ಟಿಗೆಯ ತಳದ ಪದರ ಬಿಚ್ಚಿ ನೋಡಿದ ಮೇಲೆಯೇ ಕಂಟೇನರಿಗೆ ಸೀಲ್ ಬೀಳಲಿ.

ಮೊದಲ ಮಾಲು ಖಾಲಿಯಾದ ವಾರವೇ ಇಬ್ಬರೂ ಕೂತು ಲೆಕ್ಕ ಮುಗಿಸಿ, ಸಂಬಳ ಮತ್ತು ಪಾಲನ್ನು ಖಾತೆಗೆ ಹಾಕಿ. ಪಾವತಿ ಮಾಡಿದ ಬ್ಯಾಂಕಿನಲ್ಲಿ ಬಿಲ್ ಆಫ್ ಎಂಟ್ರಿ ತಾಳೆಯಾಗಿದೆಯೇ ನೋಡಿಕೊಳ್ಳಿ. ಏಪ್ರಿಲ್‌ನಿಂದ ಜೂನ್ ಒಳಗೆ, ಏನೂ ಬದಲಾಗದಿದ್ದರೂ, ಐಇಸಿ ವಿವರವನ್ನು ಪೋರ್ಟಲ್‌ನಲ್ಲಿ ದೃಢಪಡಿಸಬೇಕು. ಎಫ್‌ಎಸ್‌ಎಸ್‌ಎಐ ವಾರ್ಷಿಕ ವಿವರಕ್ಕೆ ಮೇ 31 ಕೊನೆಯ ದಿನ. ಇವೆರಡನ್ನೂ ಅಕ್ಕ ನೋಡಿಕೊಳ್ಳಲಿ. ಜುಲೈಯಲ್ಲಿ ತಮ್ಮ ಮುಂದಿನ ಫಸಲಿನ ದರ ವಿಚಾರಿಸಲು ಶುರು ಮಾಡಬಹುದು.