ಹಿರಿಯರ ಕೈಗೆ ಮೊಬೈಲು

ನಮ್ಮ ವೃದ್ಧರಲ್ಲಿ ಅನೇಕರ ಪಿಂಚಣಿಯು ಈಗ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಅದರ ಸುದ್ದಿಯು ಮೊಬೈಲಿಗೆ ಬರುತ್ತದೆ. ಆ ಮೊಬೈಲಾದರೋ ಎಷ್ಟೋ ಮನೆಗಳಲ್ಲಿ ಮಗನ ಇಲ್ಲವೆ ಮೊಮ್ಮಗನ ಜೇಬಿನಲ್ಲಿರುವದು. ಹಿರಿಯರಿಗೆ ಬದಲಾಗಿ ಮಾಡುವದು ಬೇರೆ, ಅವರಿಗೆ ಕಲಿಸುವದು ಬೇರೆ. ತನ್ನ ಹಣವೆಷ್ಟೆಂದು ತಾನೇ ನೋಡಲಾರದವನು ತನ್ನ ಮನೆಯಲ್ಲಿಯೇ ಪರಾಧೀನನು. ಆದದರಿಂದ ಮೂರು ಸಂಗತಿಗಳನ್ನು ಗಮನಿಸೋಣ.

1. ಕಲಿಯುವಾಗ ಮೊಬೈಲು ಅವರ ಕೈಯಲ್ಲಿಯೇ ಇರತಕ್ಕದ್ದು. ಅಕ್ಷರವನ್ನು ದೊಡ್ಡದು ಮಾಡಿ, ಕನ್ನಡವನ್ನು ಆರಿಸಿಕೊಟ್ಟು, ದಿನಕ್ಕೆ ಒಂದೇ ಪಾಠವನ್ನು ಹೇಳಿಕೊಡಬೇಕು. ಓದು ಬಾರದವರು ವಾಟ್ಸಾಪಿನಲ್ಲಿ ಮೈಕಿನ ಗುರುತನ್ನು ಒತ್ತಿ, ಮಾತಿನಿಂದಲೇ ಸಂದೇಶವನ್ನು ಕಳುಹಿಸಬಹುದು.

2. 2016ರಲ್ಲಿ ಆರಂಭವಾದ ಯುಪಿಐ ಏರ್ಪಾಡಿನಲ್ಲಿ ಹಣ ಕೊಡುವದಕ್ಕೆ ಸಾಮಾನ್ಯವಾಗಿ ಪಿನ್ ಬೇಕು, ಪಡೆಯುವದಕ್ಕೆ ಬೇಡ. ಹಣ ಬರಲು ಪಿನ್ ಒತ್ತಿರೆನ್ನುವವನು ವಂಚಕನು. ಪಿನ್ನನ್ನೂ ಒಟಿಪಿಯನ್ನೂ ಯಾರಿಗೂ ಹೇಳಬಾರದು. ಮಕ್ಕಳಾದ ನಾವೂ ಕೇಳಬಾರದು.

3. ಮೋಸವಾದರೆ ಅವರನ್ನು ಗದರಿಸಬೇಡಿರಿ. ಗದರಿಕೆಗೆ ಅಂಜಿದವರು ಮರೆಮಾಡುವರು, ಅಷ್ಟರಲ್ಲಿ ಹೊತ್ತು ಮೀರುವದು. ಕೂಡಲೇ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು.

ವಿಚಾರಿಸತಕ್ಕ ಪ್ರಶ್ನೆ: ನಮ್ಮ ಮನೆಯ ಹಿರಿಯರ ಪಿನ್ ಅವರ ಹೊರತು ಯಾರಿಗೆ ಗೊತ್ತಿದೆ? ಯಾಕೆ?